ಚಿಲಕಕ್ಕೆ ಎರಡು ತೂತು

ಹೋದ ತಿಂಗಳು ಬಳ್ಳಾರಿಯ ಒಂದು ಕಾಲೇಜಿನಲ್ಲಿ, ಕೊನೆಯ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದ ಸಿವಿಲ್ ಎಂಜಿನಿಯರಿಂಗ್ ಹುಡುಗ ಹುಡುಗಿಯರ ಮುಂದೆ ನಿಂತಿದ್ದೆ. ನಮ್ಮ ಎಂಜಿನಿಯರರ ಸಂಘದಿಂದ ವರ್ಷಕ್ಕೊಬ್ಬರು ಹೀಗೆ ಹೋಗಿ, ಸಂಘಕ್ಕೆ ಸೇರಿರಿ ಎಂದು ಹೇಳಿ, ಅರ್ಜಿ ಹಂಚಿ, ಕಾಲೇಜಿನವರು ಕೊಟ್ಟ ಚಹಾ ಕುಡಿದು ಬರುವ ರೂಢಿಯಿದೆ. ಈ ವರ್ಷ ಉಳಿದವರೆಲ್ಲ ಜಾಣತನದಿಂದ ಜಾರಿಕೊಂಡರು. ಕೆಲಸ ನನ್ನ ಕೊರಳಿಗೆ ಬಿತ್ತು.

ನಾನು ಹೇಳಬೇಕಾದದ್ದನ್ನು ಹೇಳಿ ಮುಗಿಸುವಷ್ಟರಲ್ಲಿ ಮೂರನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು.

“ಸೇರಿದ್ರ ನಮಗೇನ್ ಸಿಗತೈತ್ರಿ ಮೇಡಂ? ಏನ್ ಬೇಕಾದ್ರೂ ಮೊಬೈಲ್‌ನಾಗ ಸಿಗತೈತಲ್ರಿ.”

ಇಡೀ ಕ್ಲಾಸು ನಕ್ಕಿತು. ನನಗೆ ಸಿಟ್ಟು ಬಂತು. ಅದು ಮೊದಲಿನಿಂದಲೂ ನನ್ನ ಮೂಗಿನ ತುದಿಯಲ್ಲೇ ಇರುವಂಥದ್ದು. ಪರಿಚಯ ಬೆಳೆಯುತ್ತದೆ, ಸರ್ಟಿಫಿಕೇಟ್ ಕೊಡುತ್ತಾರೆ, ಕೆಲಸ ಹುಡುಕುವಾಗ ಅನುಕೂಲ ಎಂದು ಏನೇನೋ ಒದರಿದೆ. ಹುಡುಗಿ ಕೂತಳು. ಅವಳಿಗೆ ಸಮಾಧಾನವಾಗಿರಲಿಲ್ಲ, ನನಗೂ ಆಗಿರಲಿಲ್ಲ. ಸಿಟ್ಟು ಅವಳ ಮೇಲಿನದಲ್ಲ ಎಂಬುದು ಸ್ಕೂಟಿಯಲ್ಲಿ ಮನೆಗೆ ಬರುವಾಗ ತಿಳಿಯಿತು. ಹದಿನೈದು ವರ್ಷದ ಹಿಂದೆ ಅದೇ ಮಾತನ್ನು ಅದೇ ಧಾಟಿಯಲ್ಲಿ ಆಡಿದವಳು ನಾನು. ಮೊಬೈಲ್ ಅನ್ನುವ ಕಡೆ ಪುಸ್ತಕ ಅಂದಿದ್ದೆ, ಅಷ್ಟೇ ವ್ಯತ್ಯಾಸ.

ನಾನು ಕರೂರಿನವಳು. ಸಿರುಗುಪ್ಪ ತಾಲೂಕಿನ ಭತ್ತದ ಊರು. ನಮ್ಮ ಮನೆತನದಲ್ಲಿ ಎಂಜಿನಿಯರ್ ಆದವಳು ನಾನೇ ಮೊದಲು, ಹಾಗಾಗಿ ತಲೆ ಸ್ವಲ್ಪ ಮೇಲೇ ಇತ್ತು. ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ತೆಕ್ಕಲಕೋಟೆಯವಳು. ಡಿಗ್ರಿ ಮುಗಿದ ವಾರವೇ ಅವಳು ಸಂಘದ ಎರಡು ಅರ್ಜಿ ತಂದು, ತನ್ನದನ್ನು ತುಂಬಿ ಕೊಟ್ಟು, ಇನ್ನೊಂದನ್ನು ನನ್ನ ಕೈಗಿತ್ತಳು. ನಾನದನ್ನು ಸರ್ವೇ ಪುಸ್ತಕದ ನಡುವೆ ಇಟ್ಟು ಮರೆತೆ.

ಪೂರ್ತಿ ಮರೆತೆ ಎಂದರೆ ಸುಳ್ಳಾಗುತ್ತದೆ. ಒಂದು ಸಲ ಅವಳ ಜೊತೆ ಬಳ್ಳಾರಿ ಕಂಟೋನ್ಮೆಂಟಿನಲ್ಲಿ ಸಂಘ ಸೇರುವ ಹಾಲಿಗೆ ಹೋಗಿ ನೋಡಿದ್ದೆ. ಸಂಜೆ ಐದೂವರೆಗೆ ಶುರುವಾದದ್ದು ಆರೂಕಾಲಾದರೂ ಹಾರದಿಂದ ಮುಂದೆ ಹೋಗಿರಲಿಲ್ಲ. ಮುಖ್ಯ ಅತಿಥಿಗೆ ಹಾರ, ಅಧ್ಯಕ್ಷರಿಗೆ ಹಾರ, ಮಾಜಿ ಅಧ್ಯಕ್ಷರಿಗೆ ಹಾರ, ಹಾರ ತಂದವರಿಗೊಂದು ಹಾರ. ಗ್ರೂಪ್ ಫೋಟೋದಲ್ಲಿ ನಡುವೆ ಯಾರು ನಿಲ್ಲಬೇಕೆಂದು ಇಬ್ಬರು ಹಿರಿಯರು ಮುಖ ಊದಿಸಿಕೊಂಡಿದ್ದರು. ನಾನು ಎದ್ದು ಬಂದೆ. ಆಮೇಲೆ ಅದಕ್ಕೆ “ಹಾರದ ಸಂಘ” ಎಂದು ಹೆಸರಿಟ್ಟು ಗೆಳತಿಯನ್ನು ಸಿಕ್ಕಾಗಲೆಲ್ಲ ಕಾಡುತ್ತಿದ್ದೆ.

“ಹಾರ ನೋಡಾಕ ಕರಿಯಾಂಗಿಲ್ಲಲೇ ನಾ,” ಎನ್ನುತ್ತಿದ್ದಳು ಅವಳು. “ಚಹಾಕ್ಕಿಂತ ಮೊದ್ಲ ಒಬ್ರು ಎದ್ದು ತಾವು ಮಾಡಿದ ತಪ್ಪು ಹೇಳ್ತಾರ. ಅದನ್ನ ಕೇಳಾಕ ಬಾ. ಆಮ್ಯಾಲ ಮಿರ್ಚಿನೂ ಇರತಾವು.”

ಇದು ಆ ಸಂಘದಲ್ಲಿ ಯಾರೋ ಎಂದೋ ಶುರುಮಾಡಿ ಬಿಡದೆ ನಡೆಸಿಕೊಂಡು ಬಂದ ಪದ್ಧತಿ. ಪ್ರತಿ ಎರಡನೆಯ ಶನಿವಾರ ಒಬ್ಬರು ಎದ್ದು, ತಾವು ಕಟ್ಟಿದ್ದರಲ್ಲಿ ಎಲ್ಲಿ ಎಡವಿದೆವು ಎಂದು ಹತ್ತು ನಿಮಿಷ ಹೇಳಬೇಕು. ಮನೆಯ ಮಾಲೀಕರ ಹೆಸರು ಹೇಳಬಾರದು. ಊರು, ಮಣ್ಣು, ತಿಂಗಳು ಇಷ್ಟನ್ನು ಹೇಳಲೇಬೇಕು. ಕೇಳಿದವರು ಹೊರಗೆ ಹೋಗಿ ಆಡಿಕೊಳ್ಳಬಾರದು.

“ಮಂದಿ ತಪ್ಪು ಕೇಳಿ ನನಗೇನಾಗಬೇಕಲೇ? ಎಲ್ಲಾ ಪುಸ್ತಕದಾಗ ಐತಿ. ನಾ ಒಂದ್ ತಪ್ಪು ಮಾಡಿದ ಮ್ಯಾಲ ಬರ್ತೀನಿ ಬಿಡು,” ಎಂದಿದ್ದೆ.

ಹಾಗೆ ಅನ್ನುವ ಸೊಕ್ಕಿಗೂ ಕಾರಣವಿತ್ತು. ಬಳ್ಳಾರಿಯ ಒಂದು ಸಣ್ಣ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದೆ. ನನ್ನ ಕೈಯಿಂದ ಎದ್ದ ಮೊದಲ ಮನೆ ಕುರುಗೋಡಿನದು, ಬೆಟ್ಟದ ಮಗ್ಗುಲಿನಲ್ಲಿ. ಅಲ್ಲಿ ಮೂರಡಿ ಅಗೆದರೆ ಗರಸಿನ ಗಟ್ಟಿ ಮಣ್ಣು, ಇನ್ನೊಂದಿಷ್ಟು ಹೋದರೆ ಕಲ್ಲು. ಹಾರೆ ಬಿದ್ದಾಗ ಠಣ್ ಎಂದರೆ ಸಾಕು, ಪಾಯ ಅಲ್ಲಿಂದ ಎತ್ತಬಹುದು. ಆ ಮನೆ ಚೆನ್ನಾಗಿ ಬಂತು. ಗೃಹಪ್ರವೇಶದ ದಿನ ಮನೆಯವರು ಪಂಕ್ತಿಯಲ್ಲಿ ನನ್ನನ್ನು ಮೊದಲು ಕೂರಿಸಿ ಹೋಳಿಗೆ ಬಡಿಸಿದರು. ಅಂದಿನಿಂದ ನಾನು ನನ್ನ ಕಿವಿಯನ್ನು ನಂಬತೊಡಗಿದೆ.

ಎರಡನೆಯ ಮನೆ ಸಿಸ್ಟರಮ್ಮನದು. ಆಕೆ ನಮ್ಮ ಕಡೆಯ ಹಳ್ಳಿಗಳಲ್ಲಿ ನರ್ಸ್ ಆಗಿದ್ದವರು. ನಾನು ಹುಟ್ಟಿದ್ದು ಅವರ ಕೈಯಲ್ಲಿ, ನನ್ನ ವಾರಿಗೆಯ ಅರ್ಧ ಊರೂ ಹಾಗೆಯೇ. ಮದುವೆಯಾಗಲಿಲ್ಲ. ನೌಕರಿಯ ಅಷ್ಟೂ ವರ್ಷ ಸರ್ಕಾರಿ ಕ್ವಾರ್ಟರ್ಸ್‌ಗಳಲ್ಲೇ ಕಳೆದು, ನಿವೃತ್ತಿಯ ಹೊತ್ತಿಗೆ ಸಿರುಗುಪ್ಪದಲ್ಲಿ ತೆಕ್ಕಲಕೋಟೆ ರಸ್ತೆಯ ಕಡೆ ಒಂದು ಸೈಟು ಕೊಂಡಿದ್ದರು. ಮೊದಲು ಗದ್ದೆಯಾಗಿದ್ದ ಜಾಗ. ಪಕ್ಕದಲ್ಲಿ ಇನ್ನೂ ಗದ್ದೆಯೇ ಇತ್ತು. ನಾನು ಎಂಜಿನಿಯರ್ ಆದೆನೆಂಬುದು ಕಿವಿಗೆ ಬಿದ್ದದ್ದೇ ತಡ, ಬಳ್ಳಾರಿಗೆ ಬಂದು ನನ್ನೆದುರು ಕೂತರು.

“ದೊಡ್ಡ ಮನಿ ಬ್ಯಾಡವ್ವ ನನಗ. ನನ್ನದು ಅಂತ ಒಂದ್ ಬಾಗಲ ಬೇಕು. ಕ್ವಾಟ್ರಸ್‌ದಾಗ ಹೊತ್ತಿಲ್ಲ ಗೊತ್ತಿಲ್ಲ, ಮಂದಿ ಬಾಗಲ ಬಡದು ಎಬ್ಬಸ್ತಿದ್ರು. ಇನ್ನ ಮ್ಯಾಲ ಒಳಗಿಂದ ಚಿಲಕ ಹಾಕ್ಕೊಂಡು ಬೆಳಗಾನ ಮಲಗಬೇಕು. ಅಷ್ಟ ಮಾಡಿಕೊಡು.”

ನನ್ನನ್ನು ಈ ಲೋಕಕ್ಕೆ ಬರಮಾಡಿಕೊಂಡ ಕೈ ಕೇಳಿದ್ದು ಒಂದು ಬಾಗಿಲು, ಒಂದು ಚಿಲಕ. ನನಗೆ ಕಣ್ಣು ತುಂಬಿ ಬಂತು. ಎಂಥ ಮನೆ ಕಟ್ಟಿಕೊಡುತ್ತೇನೆ ನೋಡಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಪಾಯದ ಗುಂಡಿ ತೆಗೆಸಿದ್ದು ಮೇ ತಿಂಗಳಲ್ಲಿ. ಕಾಲುವೆ ಬಂದ್ ಆಗಿ ದಿನಗಳಾಗಿದ್ದವು. ಸಿರುಗುಪ್ಪದ್ದು ಎರೆಮಣ್ಣು, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಇದನ್ನು ಕಾಲೇಜಿನಲ್ಲಿ ಓದಿದ್ದೆ. ಓದುವುದೇನು, ಬೇಸಿಗೆಯಲ್ಲಿ ನಮ್ಮ ಗದ್ದೆಯ ಬಿರುಕಿನೊಳಗೆ ಮೊಳಕೈವರೆಗೆ ಕೈ ಇಳಿಸಿ ಆಡಿದವಳು. ನೀರು ಬಿಟ್ಟ ಮೇಲೆ ಅದೇ ನೆಲ ಹುಳಿ ಬಂದ ಹಿಟ್ಟಿನಂತೆ ಏಳುವುದನ್ನು ಕಂಡವಳು. ಅದಕ್ಕೇ ಕುರುಗೋಡಿಗಿಂತ ಆಳಕ್ಕೆ ಅಗೆಸಿದೆ. ಐದಡಿಗೆ ಹಳದಿ ಬಣ್ಣದ ಗಟ್ಟಿ ಮಣ್ಣು ಸಿಕ್ಕಿತು. ಹಾರೆ ಠಣ್ ಎಂದಿತು.

“ಇನ್ನೇನ್ ಬೇಕ್ರಮ್ಮ, ಬಂಡಿಗಲ್ಲು ಇದ್ದಂಗೈತಿ,” ಎಂದ ಮೇಸ್ತ್ರಿ.

ಮಣ್ಣನ್ನು ಪರೀಕ್ಷೆಗೆ ಕಳಿಸಬೇಕಿತ್ತು. ಕಳಿಸಿದ್ದರೆ ವಾರಗಟ್ಟಲೆ ಕಾಯಬೇಕು. ಆಷಾಢಕ್ಕೆ ಮೊದಲು ಪಾಯ ಎದ್ದುಬಿಡಲಿ ಎಂಬ ಆಸೆ ಸಿಸ್ಟರಮ್ಮನಿಗೆ. ಕಿವಿ ಹೇಳಿದ್ದನ್ನು ನಾನು ನಂಬಿದೆ. ಮೇ ತಿಂಗಳ ಬಿಸಿಲಿಗೆ ಆ ಮಣ್ಣು ಇಟ್ಟಿಗೆಯ ಹಾಗೆ ಸುಟ್ಟು ಗಟ್ಟಿಯಾಗಿತ್ತು, ಅಷ್ಟೇ. ಕೆಳಗಿನದೂ ಉಬ್ಬುವ ಮಣ್ಣೇ. ಕರೂರಿನವಳಿಗೆ ಅದು ಹೊಳೆಯಬೇಕಿತ್ತು, ಆದರೆ ಅಂದು ಅಲ್ಲಿ ನಿಂತವಳು ಕುರುಗೋಡಿನಲ್ಲಿ ಹೋಳಿಗೆ ತಿಂದು ಬಂದವಳು.

ಆ ವರ್ಷ ಏನೂ ಆಗಲಿಲ್ಲ. ಪಕ್ಕದ ಗದ್ದೆಯವರು ತಾವೂ ಸೈಟು ಮಾಡಿ ಮಾರುವ ಯೋಚನೆಯಲ್ಲಿ ನಾಟಿ ಮಾಡದೆ ಬಿಟ್ಟಿದ್ದರು. ಮನೆ ಎದ್ದಿತು. ಸಿಸ್ಟರಮ್ಮ ಹಾಲುಕ್ಕಿಸಿ ಒಳಗೆ ಹೋದರು. ಅದರ ಮುಂದಿನ ಮಳೆಗಾಲಕ್ಕೆ ಪಕ್ಕದವರು ಮನಸ್ಸು ಬದಲಿಸಿದರು. ಕಾಲುವೆಗೆ ನೀರು ಬಂತು, ಗದ್ದೆ ತುಂಬಿತು.

ಗಣೇಶ ಹಬ್ಬಕ್ಕೆ ಕರೂರಿಗೆ ಹೊರಟವಳು ಸಿರುಗುಪ್ಪದಲ್ಲಿ ಬಸ್ಸು ಬದಲಿಸುವ ನಡುವೆ ಸಿಸ್ಟರಮ್ಮನನ್ನು ನೋಡಿ ಹೋಗೋಣವೆಂದು ನಡೆದೆ. ಬಾಗಿಲ ಹಿಂದೆ ಒಂದು ಅಕ್ಕಿ ಚೀಲ ಇತ್ತು.

“ಇದ್ಯಾಕ್ರಿ ಇಲ್ಲಿ?”

“ಮಲಗೋ ಮುಂದ ಬಾಗಲಕ್ಕ ಒರಗಸ್ತೀನವ್ವ. ಚಿಲಕ ಕೂಡವಲ್ದು. ಹೊಸಾ ಮನಿ ಅಲ್ಲೇನು, ಹೊಂದಿಕೊಳ್ಳಾಕ ಅದಕೂ ನಾಕ್ ದಿನ ಬೇಕು.”

ಬಾಗಿಲು ಹಾಕಿ ನೋಡಿದೆ. ಅದು ನೆಲಕ್ಕೆ ಉಜ್ಜಿ ನಿಂತಿತು. ಎಳೆದು ಕೂರಿಸಿದರೆ ಚಿಲಕ ಚೌಕಟ್ಟಿನ ತೂತಿಗಿಂತ ಕೆಳಗೆ ಬಂದು ಬಡಿಯಿತು. ಕಿಟಕಿಯ ಪಕ್ಕದ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ತೂಗುತ್ತಿತ್ತು, ಯಾರೂ ಹಾಕದ ಎತ್ತರದಲ್ಲಿ. ಸರಿಸಿದೆ. ಕಿಟಕಿಯ ಮೂಲೆಯಿಂದ ಬಿರುಕು ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ಆಕೆ ಅದನ್ನು ಮುಚ್ಚಿದ್ದು ನೆಂಟರ ಕಣ್ಣಿಗೆ ಬೀಳದಿರಲೆಂದಲ್ಲ. ನಾನು ಬಂದರೆ ನೊಂದುಕೊಳ್ಳುತ್ತೇನೆಂದು.

“ಪ್ಲಾಸ್ಟರ್ ಒಣಗಿದಾಗ ಹಿಂಗಾಗತೈತ್ರಿ. ಬ್ಯಾಸಿಗ್ಯಾಗ ಸರಿ ಹೋಗತೈತಿ,” ಎಂದೆ. ನನಗೆ ಗೊತ್ತಿದ್ದೇ ಸುಳ್ಳು ಹೇಳಿದೆ. ಆಕೆ ನನ್ನ ಮುಖವನ್ನೊಮ್ಮೆ ನೋಡಿ ಕ್ಯಾಲೆಂಡರನ್ನು ನೆಟ್ಟಗೆ ಮಾಡಿದರು. ಕರೂರಿನ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತೆ. ಇಕ್ಕೆಲದ ಗದ್ದೆಗಳಲ್ಲಿ ನೀರು ತುಂಬಿ ನಿಂತಿತ್ತು.

ಆಫೀಸಿನ ಸಾಹೇಬರಿಗೆ ಹೇಳಿದರೆ, ಪುಟ್ಟಿ ಹಚ್ಚಿಸಿ ಪೇಂಟ್ ಹೊಡೆಸು ಎಂದರು. ಹದಿನೈದು ದಿನ ಒಳಗೊಳಗೇ ಬೆಂದು, ಕೊನೆಗೆ ಗೆಳತಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

“ಲೇ, ನೀ ಗುಂಡಿ ತಗಸಿದ್ದು ಯಾವಾಗ?”

“ಹೋದ ವರ್ಷ ಮೇದಾಗ.”

“ಅದರ ಹಿಂದಿನ ತಿಂಗಳ ಮೀಟಿಂಗ್‌ನಾಗ ಒಬ್ರು ಹಿರಿಯರು ಇದನ್ನ ಹೇಳಿದ್ರಲ್ಲೇ. ನಿನ್ನ ಕರದಿದ್ನಿ ನಾ. ಬರ್ಕೊಂಡೀನಿ ತಡಿ.” ಪುಟ ತಿರುವುವ ಸದ್ದು ಕೇಳಿತು. ಅವಳು ಓದಿದಳು: “ಸಿರುಗುಪ್ಪ ಕಡೆ ಕಾಲುವೆ ಬಂದ್ ಇದ್ದಾಗ ಅಗೆದ ಗುಂಡಿಯನ್ನು ನಂಬಬೇಡಿ. ಐದಡಿಗೆ ಹಳದಿ ಮಣ್ಣು ಹಾರೆಗೆ ಠಣ್ ಅನ್ನುತ್ತದೆ. ನೀರು ಬಿಟ್ಟ ಮೇಲೆ ಇನ್ನೊಮ್ಮೆ ಅಗೆದು ನೋಡಿ.”

ಎರೆಮಣ್ಣು ಉಬ್ಬುತ್ತದೆ ಎಂದು ಯಾವ ಪುಸ್ತಕವಾದರೂ ಹೇಳುತ್ತದೆ. ಮೇ ತಿಂಗಳಲ್ಲಿ, ಸಿರುಗುಪ್ಪದಲ್ಲಿ, ಐದಡಿ ಆಳದಲ್ಲಿ ಅದು ಠಣ್ ಎಂದು ನಮ್ಮನ್ನು ಮರುಳು ಮಾಡುತ್ತದೆ ಎಂಬುದನ್ನು ಮರುಳಾದವರೇ ಹೇಳಬೇಕು. ಹೇಳಿದ್ದರು, ನನ್ನ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ ದೂರದಲ್ಲಿ ಹೇಳಿದ್ದರು. ಆ ಸಂಜೆ ನಾನೇನು ಮಾಡುತ್ತಿದ್ದೆನೋ ನೆನಪಿಲ್ಲ. ಬಹುಶಃ ಏನೂ ಮಾಡುತ್ತಿರಲಿಲ್ಲ.

ಮುಂದಿನ ಎರಡನೆಯ ಶನಿವಾರ ಕಂಟೋನ್ಮೆಂಟಿಗೆ ಹೋದೆ. ಅಂದೂ ಹಾರಗಳಿದ್ದವು. ಮೊದಲ ಸಲ ಅವು ನನ್ನ ಕಣ್ಣಿಗೆ ಚುಚ್ಚಲಿಲ್ಲ. ಗೆಳತಿ ಆ ಹಿರಿಯರನ್ನು ತೋರಿಸಿದಳು. ನೀರಾವರಿ ಕಡೆಯ ಕಟ್ಟಡಗಳಲ್ಲೇ ಕೂದಲು ನರೆತ, ಸಣ್ಣ ಮೈಕಟ್ಟಿನ ವ್ಯಕ್ತಿ. ನಾನು ಅವರನ್ನು ಮೂಲೆಗೆ ಕರೆದು ಮೆಲ್ಲಗೆ ಶುರುಮಾಡಿದೆ. ಅವರು ಕೈಯೆತ್ತಿ ತಡೆದರು.

“ನನ್ನೊಬ್ಬನ ಕಿವ್ಯಾಗ ಹೇಳಬ್ಯಾಡ್ರಿ. ಎದ್ದು ನಿಂತು ಎಲ್ಲಾರಿಗೂ ಹೇಳ್ರಿ. ಮುಂದಿನ ಮೇದಾಗ ಗುಂಡಿ ತಗಿಯೋರು ಇಲ್ಲಿ ನಾಕ್ ಮಂದಿನಾದ್ರೂ ಇರತಾರ.”

ನಾನಿನ್ನೂ ಸದಸ್ಯೆಯೂ ಆಗಿರಲಿಲ್ಲ. ಆದರೂ ಎದ್ದು ನಿಂತೆ. ಊರು ಹೇಳಿದೆ, ಮಣ್ಣು ಹೇಳಿದೆ, ತಿಂಗಳು ಹೇಳಿದೆ. ಅಕ್ಕಿ ಚೀಲದ ಮಾತನ್ನೂ ಬಿಡದೆ ಹೇಳಿದೆ. ಯಾರೂ ನಗಲಿಲ್ಲ. ಒಬ್ಬರು ಗದ್ದೆ ಮನೆಯ ಯಾವ ದಿಕ್ಕಿಗಿದೆ ಎಂದು ಕೇಳಿದರು. ಇನ್ನೊಬ್ಬರು ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂದರು. ಹೋದ ಸಲ ಗ್ರೂಪ್ ಫೋಟೋಕ್ಕೆ ಮುನಿಸಿಕೊಂಡಿದ್ದ ಹಿರಿಯರೇ ಎದ್ದು ಹೋಗಿ ಬೋರ್ಡಿನ ಮೇಲೆ ಗೋಡೆಯ ಚಿತ್ರ ಬರೆದರು. ಆಮೇಲೆ ಮಂಡಕ್ಕಿ ಮಿರ್ಚಿ ಬಂತು. ಗೆಳತಿ ನನ್ನ ತಟ್ಟೆಗೆ ತನ್ನದೊಂದು ಮಿರ್ಚಿ ಹಾಕಿದಳು. ಹಾರದ ಸಂಘ ಎಂದು ನಾನು ಕಾಡಿದ್ದನ್ನು ಅವಳು ಅಂದೂ ಎತ್ತಲಿಲ್ಲ, ಇಂದಿಗೂ ಎತ್ತಿಲ್ಲ.

ಮರುದಿನ ಆ ಹಿರಿಯರು ನನ್ನ ಜೊತೆ ಸಿರುಗುಪ್ಪದ ಬಸ್ಸು ಹತ್ತಿದರು. ಮನೆಯ ಸುತ್ತ ಎರಡು ಸಲ ನಡೆದು, ಗೋಡೆಗೆ ಒತ್ತಿ ನೆಟ್ಟ ಕರಿಬೇವಿಗೆ ಸುರಿಯುತ್ತಿದ್ದ ನೀರು, ಬಚ್ಚಲ ಕೊಳವೆ ಬಾಯಿಬಿಟ್ಟ ಜಾಗ ಎಲ್ಲವನ್ನೂ ನೋಡಿದರು. ಗದ್ದೆಗೂ ಮನೆಗೂ ನಡುವೆ ಆಳವಾದ ತಗ್ಗು ತೋಡಿ ಗರಸು ತುಂಬಿಸಿ, ಮನೆಯ ಸುತ್ತ ಇಳಿಜಾರಾಗಿ ಕಲ್ಲು ಹಾಸಿಸಿ, ನೀರನ್ನೆಲ್ಲ ದೂರಕ್ಕೆ ಸಾಗಿಸಿ ಎಂದರು. ಸಿಸ್ಟರಮ್ಮ ಒಗ್ಗರಣೆ ಮಂಡಕ್ಕಿಯ ತಟ್ಟೆ ತಂದಿಟ್ಟಾಗ ನಾನು ಹೇಳಿದೆ: “ಪ್ಲಾಸ್ಟರ್ ತಪ್ಪಲ್ರಿ ಸಿಸ್ಟರಮ್ಮ. ತಪ್ಪು ನಂದು. ಪಾಯ ಸಾಲಿಲ್ಲ.”

“ಗೊತ್ತವ್ವ,” ಎಂದರು ಆಕೆ. “ಮೊದ್ಲು ಉಣ್ಣು.”

ಆ ಕೆಲಸವೆಲ್ಲ ನಾನೇ ನಿಂತು ಮಾಡಿಸಿದೆ. ಬಿರುಕು ಅಲ್ಲಿಗೇ ನಿಂತಿತು, ಮುಂದೆ ಬೆಳೆಯಲಿಲ್ಲ. ಆದರೆ ಗದ್ದೆಯ ಕಡೆಗಿರುವ ಆ ಮುಂಬಾಗಿಲು ಮಾತ್ರ ಪ್ರತಿ ವರ್ಷ ನೀರು ಬಂದಾಗ ಕಿರುಬೆರಳಿನಷ್ಟು ಸರಿಯುತ್ತದೆ, ಕಾಲುವೆ ಬಂದ್ ಆದಾಗ ಹಿಂದಕ್ಕೆ ಬರುತ್ತದೆ. ಬಡಗಿಯನ್ನು ಕರೆಸಿ ಬಾಗಿಲಿನ ಅಡಿ ಕೆತ್ತಿಸಿ, ಚೌಕಟ್ಟಿನಲ್ಲಿ ಮೊದಲಿನ ತೂತಿನ ಕೆಳಗೆ ಇನ್ನೊಂದು ತೂತು ಕೊರೆಸಿದೆ. ಮೇಲಿನದು ಬೇಸಿಗೆಯದು, ಕೆಳಗಿನದು ಕಾಲುವೆಯದು. ಅಕ್ಕಿ ಚೀಲ ಅಡುಗೆಮನೆಗೆ ಹೋಯಿತು. ಪ್ರತಿ ವರ್ಷ ಚಿಲಕ ಕೆಳಗಿನ ತೂತಿಗೆ ಇಳಿದ ದಿನ ಸಿಸ್ಟರಮ್ಮ ಫೋನ್ ಮಾಡುತ್ತಾರೆ: “ನೀರು ಬಂತವ್ವ.” ಆಕೆ ದೂರುತ್ತಿಲ್ಲ, ಸುದ್ದಿ ಹೇಳುತ್ತಾರೆ. ನನಗೆ ಮಾತ್ರ ಪ್ರತಿ ಸಲವೂ ಆ ಅಕ್ಕಿ ಚೀಲ ಕಣ್ಣ ಮುಂದೆ ಬರುತ್ತದೆ.

ಈ ಸಲದ ಫೋನ್ ಬಂದದ್ದು ಕಾಲೇಜಿನಲ್ಲಿ ನಾನು ಒದರಿ ಬಂದ ವಾರದಲ್ಲೇ. ಮೂರನೆಯ ಬೆಂಚಿನ ಹುಡುಗಿಯ ನಂಬರ್ ಕೇಳಿ ಪಡೆದು, ಭಾನುವಾರ ಸಿರುಗುಪ್ಪಕ್ಕೆ ಬರುತ್ತೀಯಾ ಎಂದೆ. ಬೈಯುತ್ತೇನೆಂದು ಹೆದರಿದ್ದಳೋ ಏನೋ, ದಾರಿಯುದ್ದಕ್ಕೂ ನನಗಿಂತ ಎರಡು ಸೀಟು ಹಿಂದೆ ಕೂತಿದ್ದಳು. ಕುರುಗೋಡಿನ ಕಡೆಯ ಬೆಟ್ಟಗಳು ಹಿಂದೆ ಸರಿದು ಗದ್ದೆಗಳು ಶುರುವಾದ ಮೇಲೆ ಎದ್ದು ಬಂದು ಪಕ್ಕದಲ್ಲಿ ಕೂತಳು.

ಸಿಸ್ಟರಮ್ಮನ ಮನೆಯಲ್ಲಿ ಅವಳ ಕಣ್ಣು ಮೊದಲು ಹೋದದ್ದೇ ಚೌಕಟ್ಟಿನ ಕಡೆಗೆ. ಕಲಿತ ಕಣ್ಣು, ಮೆಚ್ಚಬೇಕು.

“ಎರಡು ತೂತು ಯಾಕ್ರಿ ಅಜ್ಜಿ?”

“ನಿಮ್ಮ ಮೇಡಂನ ಕೇಳು.”

ನಾನು ಮೊದಲಿನಿಂದ ಹೇಳಿದೆ. ಸರ್ವೇ ಪುಸ್ತಕದಲ್ಲಿಟ್ಟ ಅರ್ಜಿ, ತಪ್ಪು ಹೇಳಿಕೊಳ್ಳುವ ಎರಡನೆಯ ಶನಿವಾರ, ನಾನು ಹೋಗದ ಏಪ್ರಿಲ್ ಸಭೆ, ಮೇ ತಿಂಗಳ ಹಾರೆ, ಪ್ಲಾಸ್ಟರ್ ಎಂದ ಸುಳ್ಳು. ಸಂಘದಲ್ಲಿ ಎಷ್ಟೋ ಸಲ ಹೇಳಿದ್ದ ಕತೆಯನ್ನು ಸಿಸ್ಟರಮ್ಮನ ಎದುರು ಪೂರ್ತಿ ಹೇಳಿದ್ದು ಅಂದೇ ಮೊದಲು. ಆಕೆ ಮಂಚದ ಮೇಲೆ ಕೂತು ಕೇಳಿದರು. ಮುಗಿದ ಮೇಲೆ ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

“ನನ್ನ ಕೈಯಾಗ ಒಂದ್ ಕೂಸು ಹೋತವ್ವ,” ಎಂದರು, ನನಗಲ್ಲ, ಆ ಹುಡುಗಿಗೆ. “ಅಡ್ಡ ಬಂದಿತ್ತು. ಒಂದ್ ತಾಸು ಮೊದ್ಲ ಬಳ್ಳಾರಿಗೆ ಕಳಸಬೇಕಿತ್ತು. ನಾನ ತಗೀತೀನಿ ಅಂತ ಕುಂತೆ, ಅಷ್ಟ್ ಸೊಕ್ಕಿತ್ತು ಕೈಗೆ. ಎಲ್ಲಾರೂ ದೇವರ ಇಚ್ಛಾ ಅಂದ್ರು, ನಾನೂ ಹೂಂ ಅಂದೆ. ಆಮ್ಯಾಲ ಎಷ್ಟ್ ಮಂದಿ ಹೊಸಾ ಹುಡುಗ್ಯಾರು ಬಂದ್ರು ಕೆಲಸಕ್ಕ. ಹಿಂಗ್ ಮಾಡಬ್ಯಾಡ್ರಿ, ನಾ ಮಾಡೀನಿ ಅಂತ ಹೇಳಬೇಕು ಅನಸ್ತಿತ್ತು. ಎಲ್ಲಿ ನಿಂತು ಹೇಳ್ಲಿ? ಹೇಳಾಕ ನಮಗೊಂದು ಜಾಗಾನ ಇರಲಿಲ್ಲ. ಮೂವತ್ತು ವರ್ಷ ಆತು. ಇವತ್ತ ಹೇಳೀನಿ.”

ಆಕೆಯ ಬಗ್ಗೆ ನನಗೆ ಎಲ್ಲ ಗೊತ್ತಿದೆ ಎಂದುಕೊಂಡಿದ್ದೆ. ಹೊಸ ಮನೆಯ ಬಿರುಕಿಗೆ ಕ್ಯಾಲೆಂಡರ್ ತೂಗುಹಾಕಿದವರು ಒಳಗೆ ಎಂಥ ಬಿರುಕಿಗೆ ಏನೇನು ತೂಗುಹಾಕಿಕೊಂಡು ಬಂದಿದ್ದರೋ. ಹೋಗಿ ಅವರ ಕೈ ಹಿಡಿದುಕೊಂಡೆ. ನನ್ನನ್ನು ಹಿಡಿದ ಕೈ, ಆ ಕೂಸನ್ನೂ ಹಿಡಿದ ಕೈ. ಅದು ತಣ್ಣಗಿತ್ತು.

ಸಂಜೆ ಬಸ್ಸಿಗೆ ಹೊತ್ತಾಯಿತೆಂದು ಎದ್ದೆವು. ನಾವು ಮೆಟ್ಟಿಲಿಳಿದ ಮೇಲೆ ಬಾಗಿಲು ಮುಚ್ಚಿತು. ಚಿಲಕ ಒಮ್ಮೆ ತಪ್ಪಿ, ಇನ್ನೊಮ್ಮೆ ಕೆಳಗಿನ ತೂತಿಗೆ ಕೂತ ಸದ್ದು ಹೊರಗೆ ಕೇಳಿತು. ಹುಡುಗಿ ನನ್ನ ಜೊತೆ ರಸ್ತೆಯವರೆಗೂ ನಡೆದಳು. ಸೇರಿದರೆ ಏನು ಸಿಗುತ್ತದೆ ಎಂದು ಇನ್ನೊಮ್ಮೆ ಕೇಳಬಹುದೆಂದು, ಸಂಘಕ್ಕೆ ಸೇರುತ್ತೇನೆ ಎಂದೂ ಹೇಳಬಹುದೆಂದು ಕಾದೆ. ಅವಳು ಕೇಳಿದ್ದು ಬೇರೆ.

“ಎರಡನೇ ಶನಿವಾರ ಅಜ್ಜಿನ್ನ ಅಲ್ಲಿಗೆ ಕರ್ಕೊಂಡು ಬರಬಹುದೇನ್ರಿ ಮೇಡಂ?”

ಹದಿಮೂರು ವರ್ಷದಿಂದ ಸಂಘದ ಆ ಹಾಲಿನಲ್ಲಿ ಕೂರುತ್ತಿದ್ದೇನೆ. ನನಗೆ ಒಂದು ದಿನವೂ ಅದು ಹೊಳೆದಿರಲಿಲ್ಲ.